ಬಿಳಿ ಕುದುರೆಯ ಪಟ

ರಾಯಚೂರಿನಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯವರು ಒದ್ದೆ ಬಟ್ಟೆಯಿಂದ ಪಟದ ಗಾಜು ಒರೆಸತೊಡಗಿದ್ದೇ ತಡ, ಸಣ್ಣಗೆ ಗಂಧದ ವಾಸನೆ ಎದ್ದಿತು. "ಒರಸಬ್ಯಾಡ್ರಿ!" ಎಂದು ನಾನು ಕೂಗಿದ ರಭಸಕ್ಕೆ ಅವರ ಕೈ ಅಲ್ಲೇ ನಿಂತಿತು. ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಬದಲಿಸಲೆಂದು ದೇವದುರ್ಗದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳೂ ನಾನೇ. ಸೀಳಿದ ಗಾಜನ್ನು ಒರೆಸಿದರೇನು, ಬಿಟ್ಟರೇನು? ಆದರೂ ಅದರ ಮೇಲೆ ಎರಡು ಕಡೆ ಒಣಗಿ ಅಂಟಿದ್ದ ಗಂಧದ ಹಳದಿ ಕಲೆಗಳಿಗೆ ಬಟ್ಟೆ ತಾಗದಂತೆ ಕೈ ಅಡ್ಡ ಹಿಡಿದೆ.

"ಯಾವ ದೇವರ್ರಿ ಇದು? ಕಲ್ಕಿ ಏನು?" ಎಂದರು ಅಂಗಡಿಯವರು.

ಅಜ್ಜಿಯೂ ಹಾಗೆಯೇ ತಿಳಿದಿದ್ದರು...

ಆಕೆ ನನ್ನ ಸ್ವಂತ ಅಜ್ಜಿಯಲ್ಲ, ಮಾನ್ವಿಯಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಸರ್ ಅವರ ತಾಯಿ. ಸಂಜೆ ಸರ್ ಮನೆಯ ಪಡಸಾಲೆಗೆ ಪಾಠಕ್ಕೆ ಹೋಗುತ್ತಿದ್ದ ನಾವೆಲ್ಲ ಅವರನ್ನು ಅಜ್ಜಿ ಎನ್ನುತ್ತಿದ್ದೆವು. ಮಡಿಯೆಂದರೆ ಮಡಿ. ಬೇರೆ ಮಕ್ಕಳಿಗೆ ಪ್ರಸಾದ ಕೈಗೇ ಕೊಡುವವರು ನನಗೆ ಮಾತ್ರ ಮೇಲಿನಿಂದ ಬೊಗಸೆಗೆ ಬಿಡುತ್ತಿದ್ದರು. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವರು. ನಮ್ಮ ಓಣಿ ಯಾವುದೆಂದು ಅಜ್ಜಿಗೆ ಗೊತ್ತಿತ್ತು, ಅವರು ಯಾಕೆ ಹಾಗೆ ಮಾಡುತ್ತಾರೆಂದು ನನಗೂ ಗೊತ್ತಿತ್ತು. ಮೇಲಿನಿಂದ ಬಿಟ್ಟರೂ ನನ್ನ ಪಾಲಿನ ಉಂಡೆ ಎಲ್ಲರದಕ್ಕಿಂತ ದೊಡ್ಡದಿರುತ್ತಿತ್ತು ಎಂಬುದನ್ನೂ ಹೇಳಬೇಕು.

ಈ ಪಟವನ್ನು ಸರ್ ರಾಯಚೂರು ಸ್ಟೇಷನ್ ಹತ್ತಿರ ಹಳೆ ಸಾಮಾನು ಮಾರುವವರಲ್ಲಿ ಕೊಂಡು ತಂದಿದ್ದರು. ಸ್ಪೇನ್ ದೇಶದವರು ಸಮುದ್ರ ದಾಟಿ ಹೋಗಿ ಅಜ್ಟೆಕ್ ಜನರ ರಾಜಧಾನಿ ಹೊಕ್ಕ ದಿನದ ಚಿತ್ರ. ಊರ ಕೆರೆಯನ್ನಷ್ಟೇ ಕಂಡಿದ್ದ ನನಗೆ ಅದು ಹೇಳತೀರದ ಬೆರಗು. ನೀರಿನ ನಟ್ಟನಡುವೆ ಇಡೀ ಪಟ್ಟಣ, ಮೆಟ್ಟಿಲು ಮೆಟ್ಟಿಲಾಗಿ ಆಕಾಶಕ್ಕೇರಿದ ಗುಡಿಗಳು, ಆ ಪಟ್ಟಣಕ್ಕೆ ನೀರನ್ನು ಸೀಳಿಕೊಂಡು ಹೋದ ಉದ್ದನೆಯ ದಾರಿ. ದಾರಿಯ ಈಚೆಗೆ ಬಿಳಿ ಕುದುರೆಯ ಮೇಲೆ ಕತ್ತಿ ಹಿಡಿದ ಗಡ್ಡದ ದಂಡನಾಯಕ. ಎದುರಿಗೆ ಹಸಿರು ಗರಿಗಳ ಕಿರೀಟದ ರಾಜ, ಕೈಯಲ್ಲಿ ಹಾರ ಹಿಡಿದು ನಿಂತಿದ್ದ. ಪಾಠ ಬಿಟ್ಟು ನಾನು ಆ ಗರಿಗಳನ್ನೇ ನೋಡುತ್ತ ಕೂತುಬಿಡುತ್ತಿದ್ದೆ. "ಪಟ್ಟಣಕ್ಕ ಹೋಗಿ ಬಂದ್ಯೇನವ್ವಾ?" ಎಂದು ಸರ್ ಕಾಡಿಸುತ್ತಿದ್ದರು.

ಸರ್ ಮಾಡಿದ ಎಡವಟ್ಟು ಒಂದೇ. ದಶಾವತಾರದ ಹಳೆ ಕ್ಯಾಲೆಂಡರ್ ತೆಗೆದು, ಅದೇ ಮೊಳೆಗೆ ಇದನ್ನು ತೂಗುಹಾಕಿದರು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ದಿನಾ ಕೈಮುಗಿಯುವ ಮೊಳೆಯಲ್ಲಿ ಬಿಳಿ ಕುದುರೆ ಕಂಡಿತು, ಕತ್ತಿ ಕಂಡಿತು, ಇನ್ನೇನು ಬೇಕು? ಮಗ ಕಲ್ಕಿಯ ಪಟ ತಂದಿದ್ದಾನೆಂದು ಹಿಗ್ಗಿ ಹೀರೇಕಾಯಿಯಾದರು. ಮರುದಿನದಿಂದಲೇ ಕುದುರೆ ಸವಾರನಿಗೆ ಗಂಧ, ತುಳಸಿ. ನಾವು ಮುಸಿಮುಸಿ ನಗುತ್ತಿದ್ದೆವು. ಶಾಲೆಯಲ್ಲಿ "ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬರೀರಿ, ಸುಳ್ಳು ಬರೀಬ್ಯಾಡ್ರಿ" ಎಂದು ಗದರುವ ಸರ್, ತಾಯಿಯ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಏಕಾದಶಿಯ ಹಿಂದಿನ ಸಂಜೆ ಅಜ್ಜಿ ಪಡಸಾಲೆಗೆ ಬಂದರು. "ನಾಳಿ ಓಣಿ ಹೆಣ್ಣಮಕ್ಕಳಿಗೆಲ್ಲಾ ಆರತಿಗೆ ಬರ್ರಿ ಅಂದೀನಿ. ಓದಿದಾಂವ ನೀನು, ಪಟದ ಕಥಿ ನೀನ ಹೇಳು. ಎದುರಿಗೆ ಹಸರು ಹಸರಾಗಿ ಕಾಣಸ್ತದಲ್ಲ, ಅಂವ ಯಾರು? ಅವಗೇನು ವರ ಕೊಟ್ಟ ದೇವರು?"

ಸರ್ ಪುಸ್ತಕ ಮುಚ್ಚಿದರು. ನಿಜ ಹೇಳಿದರೆ ಈ ಮುದುಕಿಯ ದೇವರು ಹೋಗುತ್ತಾನೆ, ಹೇಳದಿದ್ದರೆ ಸುಳ್ಳು ಬರೀಬ್ಯಾಡ್ರಿ ಎನ್ನುವ ನಮ್ಮ ಸರ್ ಹೋಗುತ್ತಾರೆ...

"ಅವ್ವಾ, ಅಂವ ದೇವರಲ್ಲ," ಎಂದರು ಸರ್. ಆಮೇಲೆ ಮೆಲ್ಲಗೆ ಎಲ್ಲ ಹೇಳಿದರು. ದೂರ ದೇಶದಿಂದ ಬಂದವನನ್ನು ರಾಜ ಹಾರ ಕೊಟ್ಟು ಒಳಗೆ ಕರೆದುಕೊಂಡ. ಬಂದವನು ಅದೇ ಪಟ್ಟಣದಲ್ಲಿ ರಾಜನನ್ನು ಸೆರೆಯಿಟ್ಟ. ರಾಜ ಸತ್ತ, ಪಟ್ಟಣ ನೆಲಸಮವಾಯಿತು. "ತಮ್ಮ ದೇವರ ತಿರುಗಿ ಬಂದಾನ ಅಂತ ಆ ರಾಜಾ ತಿಳಕೊಂಡಿದ್ದಂತ. ಹಂಗ ಬರದಾರ, ಖರೇನ ಅಂತ ಹೇಳ್ಲಿಕ್ಕೆ ಬರೂದಿಲ್ಲ."

ಅಜ್ಜಿ ಗೋಡೆ ಹಿಡಿದು ನಿಂತರು. ಅಳುತ್ತಾರೆ, ಇಲ್ಲವೇ ಪಟ ಇಳಿಸು ಎನ್ನುತ್ತಾರೆ ಎಂದುಕೊಂಡೆ.

"ಅವಗೂ ನನ್ಹಂಗ ಕುದುರಿ ನೋಡಿ ಮೋಸ ಆತು," ಎಂದರು. ಆಮೇಲೆ ಪಟದ ಕಡೆ ಮುಖ ಮಾಡಿದರು. "ಬಂದಾಂವ ದೇವರಲ್ಲದಿದ್ರೇನು, ಹಾರ ಹಿಡಿದಾಂವನ ಭಕ್ತಿ ಸುಳ್ಳಾಗ್ತದೇನೋ?"

ಅಜ್ಜಿ ಒಳಗೆ ಹೋಗಿ ಗಂಧದ ಬಟ್ಟಲು ತಂದರು. ಅವರ ಬೆರಳು ಗಾಜಿನ ಮುಂದೆ ಅತ್ತಿತ್ತ ತಡಕಾಡಿತು. ಕೊನೆಗೆ ತಿರುಗಿ ನನ್ನನ್ನು ಕರೆದರು. "ನೀ ಬಾರವ್ವಾ. ದಿನಾ ಆ ಹಾರದಾಂವನ್ನ ನೋಡ್ಕೋತ ಕೂಡ್ತಿ. ನನಗ ಕುದುರಿ ಒಂದ ನೆಟ್ಟಗ ಕಾಣಸ್ತದ. ನೀನ ಹಚ್ಚು."

ಬಟ್ಟಲನ್ನು ಮೇಲಿನಿಂದ ಬಿಡಲಿಲ್ಲ. ನನ್ನ ಅಂಗೈ ಹಿಡಿದು ಅದರೊಳಗೆ ಇಟ್ಟರು. ಬಟ್ಟಲು ತಣ್ಣಗಿತ್ತು, ಅವರ ಒಣ ಬೆರಳುಗಳು ಬೆಚ್ಚಗಿದ್ದವು. ಹಾರ ಹಿಡಿದ ಆ ಕೈಯ ಕೆಳಗೆ ನಾನು ಗಂಧ ಹಚ್ಚಿದೆ. ಅಷ್ಟು ವಯಸ್ಸಿನಲ್ಲಿ, ಅಷ್ಟು ಮಡಿಯ ಹೆಂಗಸು, ಒಂದೇ ಸಂಜೆಯಲ್ಲಿ ಅಷ್ಟು ದೂರ ಹೇಗೆ ನಡೆದರೋ! ಈಗ ನೆನೆದರೂ ಬೆರಗಾಗುತ್ತದೆ.

ಮರುದಿನ ಆರತಿಯೂ ನಡೆಯಿತು. ಕಥೆಯನ್ನು ಅಜ್ಜಿಯೇ ಹೇಳಿದರು. ಅವರ ಕಥೆಯಲ್ಲಿ ಸ್ಪೇನ್ ದೇಶ ಮುಂಬಯಿಯ ಆಚೆಗೆಲ್ಲೋ ಇತ್ತು. ಸರ್ ತಿದ್ದಲು ಹೋಗಲಿಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ನನಗೆ ದೇವದುರ್ಗದ ಶಾಲೆಯಲ್ಲಿ ಕೆಲಸ ಸಿಕ್ಕಾಗ ಸರ್ ಈ ಪಟ ಕೊಟ್ಟರು. ಈಗ ಅವರೂ ಇಲ್ಲ...

ಹಳೆಯ ಗಾಜನ್ನು ಪೇಪರಿನಲ್ಲಿ ಸುತ್ತಿಕೊಡಿ ಎಂದು ಅಂಗಡಿಯವರನ್ನು ಕೇಳಿಕೊಂಡಿದ್ದೆ. ಕಟ್ಟಿನಿಂದ ಬಿಡಿಸುವಾಗಲೇ ಅದು ಪುಡಿಯಾಗಿ, ಅವರ ಕಾಲ ಬಳಿಯ ಚೂರುಗಳ ರಾಶಿಯಲ್ಲಿ ಬೆರೆತುಹೋಯಿತು. ಅಜ್ಜಿ ಹಚ್ಚಿದ್ದು ಯಾವುದು, ನಾನು ಹಚ್ಚಿದ್ದು ಯಾವುದು, ಇನ್ನು ಗೊತ್ತಾಗುವಂತಿರಲಿಲ್ಲ.

ಹೊಸ ಗಾಜು ಕೂರಿಸಿ ಪಟವನ್ನು ನನ್ನ ಮುಂದಿಡುತ್ತ ಅವರು ಮತ್ತೆ ಕೇಳಿದರು. "ಹೇಳಲೇ ಇಲ್ಲಲ್ರಿ. ಕಲ್ಕಿ ಹೌದಲ್ರಿ?"

"ಅಲ್ರಿ. ಕುದುರಿ ಮ್ಯಾಲಿನಾಂವ ಅಲ್ಲ. ಇಲ್ಲಿ ನೋಡ್ರಿ, ಹಾರ ಹಿಡ್ಕೊಂಡು ನಿಂತಾನಲ್ಲ..."

ತೋರಿಸಲು ಹೋದ ಬೆರಳು ಗಾಜಿಗೆ ತಗುಲಿ, ರಾಜನ ಕೈಯ ಕೆಳಗೆ ಗುರುತು ಮೂಡಿತು. ಅವರು ಬಟ್ಟೆ ಎತ್ತಿಕೊಂಡರು.

"ಒರಸಬ್ಯಾಡ್ರಿ," ಎಂದೆ.