ಬೈಸಿಕೊಳ್ಳುವ ಡಬ್ಬಿ

ಕಾನ್ವೆಂಟಿನಲ್ಲಿ ಓದಿದವಳು ನಾನು. ಸುಳ್ಳು ಹೇಳಿದರೆ ನಾಲಿಗೆಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ ಎಂದು ಸಿಸ್ಟರ್ ಲೂಸಿ ಹೇಳಿದ್ದನ್ನು ನಂಬಿ, ಮೂರನೇ ಕ್ಲಾಸಿನ ವರ್ಷವಿಡೀ ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡವಳು. ಅಂಥವಳು ಈಗ ಆಗಾಗ, ಯಾವ ಅಳುಕೂ ಇಲ್ಲದೆ ಒಂದೇ ಸುಳ್ಳನ್ನು ಹೇಳುತ್ತಿದ್ದೇನೆ. ಅಮ್ಮ ಫೋನು ಮಾಡಿ ಅದೂ ಇದೂ ಮಾತಾಡಿ ಕೊನೆಗೆ ಒಂದು ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆ ಬಂದ ತಕ್ಷಣ ನಾನು, “ಹಲೋ, ಅಮ್ಮಾ, ಕೇಳಿಸ್ತಾ ಇಲ್ಲ, ನೆಟ್‌ವರ್ಕ್ ಇಲ್ಲ” ಅನ್ನುತ್ತೇನೆ. ನಾಲಿಗೆ ಇನ್ನೂ ಕೆಂಪಗೇ ಇದೆ. ನೆಟ್‌ವರ್ಕಿನ ತಲೆಗೆ ಕಟ್ಟಿದ ಸುಳ್ಳು ಬಹುಶಃ ಲೆಕ್ಕಕ್ಕೆ ಬರುವುದಿಲ್ಲ.

ಅದು ಪೂರ್ತಿ ಸುಳ್ಳು ಎಂದೂ ಹೇಳಲಾರೆ. ಬೂದಿಗೆರೆಯಲ್ಲಿ ಮುಖ್ಯರಸ್ತೆಯಿಂದ ಬಹಳ ಒಳಗೆ ನಮ್ಮ ಮನೆ. ನಾನು ಮದುವೆಯಾಗಿ ಬಂದಾಗ ಹಿತ್ತಲಲ್ಲಿ ನಿಂತರೆ ರಾಗಿ ಹೊಲ ಕಾಣುತ್ತಿತ್ತು, ಹೊಲದಾಚೆ ಮೊಬೈಲ್ ಟವರ್ ಕಾಣುತ್ತಿತ್ತು. ಈಗ ಆ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದು, ಟವರಿಗೂ ನಮಗೂ ನಡುವೆ ಬೆನ್ನು ತಿರುಗಿಸಿ ನಿಂತಿದೆ. ಅವರಿಗೆ ನೆಲದೊಳಗೆ ಕೇಬಲ್ ಬಂದಿದೆ. ನಮ್ಮ ಸಾಲಿಗೆ, ಇನ್ನೊಂದಷ್ಟು ಮನೆ ಸೇರಲಿ ಕಂಬ ನೆಡ್ತೀವಿ ಎಂದು ಹೇಳಿ ಹೋದ ಕೇಬಲ್‌ನವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಹಾಗಾಗಿ ನಮಗೆ ಸಿಮ್ ಹಾಕುವ ವೈಫೈ ಡಬ್ಬಿಯೇ ಗತಿ.

ಡಬ್ಬಿ ತಂದದ್ದು ನನ್ನ ಮೈದುನ ಮುನಿರಾಜುಗೋಸ್ಕರ. ಹೊಸಕೋಟೆ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಸಂಜೆ ಬೈಕು ನಿಲ್ಲಿಸಿ, ಗೇಟಿನಿಂದಲೇ “ಅತ್ತಿಗೆ, ಹೊಟ್ಟೆ ಹಸೀತಿದೆ” ಎಂದು ಕೂಗಿಕೊಂಡು ಒಳಗೆ ಬರುತ್ತಿದ್ದ. ಹಾಗೆ ಬರುವವನು ಒಂದು ದಿನ ಮೆಟ್ಟಿಲಲ್ಲಿ ಎಡವಿದ. ಆಮೇಲೆ ಆಗಾಗ ಎಡವಿದ. ಮೊದಲು ಚಪ್ಪಲಿಯನ್ನು ಬೈದೆವು. ಆಮೇಲೆ ಮೆಟ್ಟಿಲು ಕಟ್ಟಿದ ಮೇಸ್ತ್ರಿಯನ್ನು ಬೈದೆವು. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರು, ಇದು ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ, ಕಾಲಿನಿಂದ ಶುರುವಾಗಿದೆ, ಮೇಲಕ್ಕೆ ಬರುತ್ತದೆ, ತಡೆಯುವ ಔಷಧಿ ಇಲ್ಲ ಎಂದರು. ಆ ದಿನ ಬೈಯುವುದಕ್ಕೆ ನಮಗೆ ಯಾರೂ ಸಿಗಲಿಲ್ಲ.

ಈಗ ಅವನು ಹಜಾರದಲ್ಲಿ, ಗಾಲಿಕುರ್ಚಿಯಲ್ಲಿ. ಎದುರಿಗೆ ಟೀವಿ, ಅದಕ್ಕೆ ಸೇರಿಸಿದ ಗೇಮಿಂಗ್ ಕನ್ಸೋಲ್, ಕೈಯಲ್ಲಿ ಅದನ್ನು ಆಡಿಸುವ ಗುಂಡಿಗಳ ರಿಮೋಟು. ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಮೂವರು ಗೆಳೆಯರು ಅವರವರ ಮನೆಯಿಂದಲೇ ಸೇರುತ್ತಾರೆ. ನಾಲ್ವರೂ ಒಂದೇ ತಂಡ, ಆಡುವುದು ಫುಟ್‌ಬಾಲ್. ನಿಲ್ಲಲಾರದವನು ಫುಟ್‌ಬಾಲ್ ಆಡುತ್ತಾನೆ ಎಂಬುದು ನನಗೆ ಮೊದಲು ವಿಚಿತ್ರವೆನಿಸಿತ್ತು. ಆಮೇಲೆ ಗಮನಿಸಿದೆ: ಶನಿವಾರ ರಾತ್ರಿ ಅವನು ತಾನಾಗಿ ಗಡ್ಡ ಹೆರೆಸಿಕೊಳ್ಳುವುದಕ್ಕೆ ಒಪ್ಪುತ್ತಾನೆ. ವಾರದ ಉಳಿದ ದಿನ ಅವನಿಗೆ ಯಾವ ಊಟವೂ ಒಂದೇ. ಭಾನುವಾರ ಮಾತ್ರ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾನೆ. ಆ ದೂರು ಕೇಳುವುದಕ್ಕಾಗಿ ನಾನು ಭಾನುವಾರವನ್ನು ಕಾಯತೊಡಗಿದೆ. ಹಾಗಾಗಿಯೇ ಆ ಆಟ ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು.

ಈ ಆಟದ ಲೋಕದಲ್ಲಿ ಪಿಂಗ್ ಎಂದು ಒಂದಿದೆ. ಮುನಿರಾಜು ಎಷ್ಟು ಸಲ ವಿವರಿಸಿದರೂ ನಾನು ಅರ್ಥವಾಗದೆ ತಲೆಯಾಡಿಸುತ್ತಿದ್ದೆ. ಒಂದು ದಿನ ಸೊಪ್ಪು ಬಿಡಿಸುವಾಗ ತಾನಾಗಿ ಹೊಳೆಯಿತು. ಅದು ನಮ್ಮ ಕ್ಲಾಸಿನ ಹಾಜರಿ. ಸಿಸ್ಟರ್ ಲೂಸಿ ಹೆಸರು ಕರೆಯುತ್ತಿದ್ದರು, ನಾವು “ಪ್ರೆಸೆಂಟ್ ಸಿಸ್ಟರ್” ಅನ್ನುತ್ತಿದ್ದೆವು. ಕರೆದದ್ದಕ್ಕೂ ಓಗೊಟ್ಟದ್ದಕ್ಕೂ ನಡುವಿನ ಹೊತ್ತೇ ಪಿಂಗ್. ನಮ್ಮ ಮನೆಯಿಂದ ಓಗೊಡುವುದು ತಡ. ಮುನಿರಾಜು ಚೆಂಡನ್ನು ಒದ್ದಿರುತ್ತಾನೆ. ಆ ಸುದ್ದಿ ಟವರ್ ತಲುಪುವಷ್ಟರಲ್ಲಿ ಚೆಂಡು ಇನ್ನೊಬ್ಬರ ಕಾಲಲ್ಲಿರುತ್ತದೆ. ನಮ್ಮ ಕ್ಲಾಸಿನಲ್ಲಿ ಜಯಂತಿ ಎಂಬ ಹುಡುಗಿಗೆ ಮಾತು ಉಗ್ಗುತ್ತಿತ್ತು. ಅವಳ ಸರದಿ ಬಂದಾಗ ಸಿಸ್ಟರ್ ಪೆನ್ನು ಎತ್ತಿ ಹಿಡಿದು ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು, ಅಲ್ಲೇನೋ ಮುಖ್ಯವಾದದ್ದು ನಡೆಯುತ್ತಿರುವ ಹಾಗೆ. ಜಯಂತಿಯ “ಪ್ರೆಸೆಂಟ್” ಪೂರ್ತಿಯಾದ ಮೇಲೆಯೇ ಪೆನ್ನು ಇಳಿಯುತ್ತಿತ್ತು. ಒಂದು ದಿನ ನಾನು ಆ ಕಿಟಕಿಗೆ ಹೋಗಿ ಇಣುಕಿದೆ. ಆಚೆ ಇದ್ದದ್ದು ಒಂದು ನೀರಿನ ತೊಟ್ಟಿ.

ಪಿಂಗ್ ಸಾಲದೆಂದು ಇನ್ನೊಂದು ತೊಡಕಿತ್ತು. ಪರದೆಯ ಮೇಲೆ ನಮ್ಮ ನೆಟ್‌ವರ್ಕ್ ‘ಸ್ಟ್ರಿಕ್ಟ್’ ಎಂದು ತೋರಿಸುತ್ತಿತ್ತು. ಅಂದರೆ ಬೇರೆಯವರು ಶುರುಮಾಡಿದ ಆಟಕ್ಕೆ ಮುನಿರಾಜು ಹೋಗಿ ಸೇರಬಹುದು, ಅವನು ಶುರುಮಾಡಿದ್ದಕ್ಕೆ ಅವರು ಬರಲಾಗುವುದಿಲ್ಲ. ಸಿಮ್ ಕಂಪನಿಗೆ ಫೋನು ಮಾಡಿದರೆ, ಮೊಬೈಲ್ ಇಂಟರ್‌ನೆಟ್‌ನಲ್ಲಿ ಎಷ್ಟೋ ಮನೆಗಳಿಗೆ ಸೇರಿ ಒಂದೇ ವಿಳಾಸವಿರುತ್ತದೆ, ಹೊರಗಿನಿಂದ ಬರುವುದಕ್ಕೆ ನಿಮ್ಮ ಮನೆ ಸಿಗುವುದಿಲ್ಲ ಎಂದರು. ಇದು ಮಾತ್ರ ನನಗೆ ತಕ್ಷಣ ಅರ್ಥವಾಯಿತು. ನಮ್ಮ ಬಡಾವಣೆಯ ಕೊರಿಯರ್ ಎಲ್ಲ ಮುಖ್ಯರಸ್ತೆಯ ದಿನಸಿ ಅಂಗಡಿಗೆ ಬಂದು ಬೀಳುತ್ತದೆ. ನಾವು ಕಳಿಸಿದ್ದು ಸಲೀಸಾಗಿ ಹೋಗುತ್ತದೆ; ನಮ್ಮನ್ನು ಹುಡುಕಿಕೊಂಡು ಬಂದದ್ದು ಅಕ್ಕಿ ಮೂಟೆಯ ಹಿಂದೆ ಕೂತಿರುತ್ತದೆ. ಕಾಯಿಲೆಯವರಿರುವ ಮನೆಯೂ ಕೊಂಚ ಹಾಗೆಯೇ. ಮೊದಮೊದಲು ಸೇಬು, ಮೂಸಂಬಿ ಹಿಡಿದು ಬಂದವರೆಲ್ಲ ಈಗ ರಸ್ತೆಯಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ, ಒಳಗೆ ಬರುವುದಿಲ್ಲ. ಬಂದು ಏನು ಮಾತಾಡುವುದು ಎಂಬುದು ಅವರಿಗೂ ತಿಳಿಯದು, ನಮಗೂ ತಿಳಿಯದು.

ಡಬ್ಬಿ ಮನೆಯೆಲ್ಲ ಸುತ್ತಿತು. ದೇವರ ಗೂಡಿನಲ್ಲಿ ಕೂತಿತು, ಬೀರುವಿನ ನೆತ್ತಿ ಹತ್ತಿತು. ಕೊನೆಗೆ ಅಡುಗೆಮನೆಯ ಕಿಟಕಿಯಲ್ಲಿ, ತೊಗರಿಬೇಳೆ ಡಬ್ಬದ ಪಕ್ಕ ನೆಲೆಸಿತು. ಅಲ್ಲೂ ಕುಕ್ಕರ್ ಒಲೆಯ ಮೇಲೇರಿದರೆ ಸಾಕು, ಅದಕ್ಕೇನು ಸಿಟ್ಟೋ, ಹಸಿರು ದೀಪ ಕೆಂಪಾಗುತ್ತಿತ್ತು. ಹಜಾರದಿಂದ ಗೆಳೆಯರ ದನಿ ಟೀವಿಯಲ್ಲಿ ಕೇಳುತ್ತಿತ್ತು. ಜಡಿಗೇನಹಳ್ಳಿಯ ಸೀನನದೇ ದೊಡ್ಡ ಗಂಟಲು. “ಲೋ ಮುನಿ, ನಿಮ್ಮೂರ್ ನೆಟ್‌ವರ್ಕ್‌ಗೆ ಬೆಂಕಿ ಬೀಳ. ನೀನು ಹಿಂದೆ ನಿಂತ್ಕೋ ಗುರು, ಸರಿಹೋದ್ಮೇಲೆ ಮುಂದಕ್ಕೆ ಬರೀವಂತೆ.” ಗೋಲು ಹೊಡೆಯುವ ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಮುನಿರಾಜು ಹೀಗೆ ನಡುವಿಗೆ ಬಂದ. ಕೆಲವು ತಿಂಗಳಲ್ಲಿ ನಡುವಿನಿಂದಲೂ ಹಿಂದೆ ಸರಿದು, ನಮ್ಮದೇ ಗೋಲಿನ ಮುಂದೆ ಕಾವಲು ನಿಂತ.

ನನಗೆ ಡಬ್ಬಿಯ ಮೇಲೆ ಹಟ ಬಂತು. ಬೇರೊಂದು ಕಂಪನಿಯ ಸಿಮ್ ತರಿಸಿದೆ. ಯಾರೋ ವೀಡಿಯೊದಲ್ಲಿ ಹೇಳಿಕೊಟ್ಟಂತೆ ಫೋನಿನಲ್ಲಿ ಡಬ್ಬಿಯ ಸೆಟ್ಟಿಂಗ್ ತೆರೆದು ಒಂದು ಸಾಲು ಬದಲಿಸಿದೆ; ‘ಸ್ಟ್ರಿಕ್ಟ್’ ಹೋಯಿತು. ಉಳಿದದ್ದು ಸಿಗ್ನಲ್. ಅದಕ್ಕೆ ತಾರಸಿಗೇ ಹೋಗಬೇಕಿತ್ತು.

ನಮ್ಮ ತಾರಸಿಯ ಮೂಲೆಗಳಲ್ಲಿ ಪಿಲ್ಲರ್‌ಗಳ ಕಂಬಿಗಳು ಹಾಗೇ ಮೇಲೆದ್ದು ನಿಂತಿವೆ. ಮುನಿರಾಜು ಮದುವೆಯ ಹೊತ್ತಿಗೆ ಮಹಡಿ ಎಬ್ಬಿಸೋಣ ಎಂದು ಬಿಟ್ಟ ಕಂಬಿಗಳವು. ಕೆಲಸ ಮುಗಿಯದ ಮನೆಯಾದ್ದರಿಂದ ಒಂದು ಕಂಬಿಗೆ ಕಟ್ಟಿದ ದೃಷ್ಟಿಬೊಂಬೆಯನ್ನು ಯಾರೂ ಬಿಚ್ಚಿಲ್ಲ. ಕೋರೆಹಲ್ಲು ಬಣ್ಣಗೆಟ್ಟಿದೆ, ಚಾಚಿದ ನಾಲಿಗೆಯ ಮೇಲೆ ಕಾಗೆ ಗಲೀಜು ಮಾಡಿದೆ. ಊರಿನವರ ಕಣ್ಣೆಲ್ಲ ತನ್ನ ಮೇಲೆ ಬೀಳಲಿ, ಮನೆಗೆ ತಾಗದಿರಲಿ ಎಂದು ನಿಂತ ಪಾಪದ ಪ್ರಾಣಿ. ಅದರ ಪಕ್ಕದ ಕಂಬಿಗೆ ನಮ್ಮ ಮನೆಯವರು ಒಂದು ಪ್ಲಾಸ್ಟಿಕ್ ಡಬ್ಬ ಬಿಗಿದು, ಅದರೊಳಗೆ ವೈಫೈ ಡಬ್ಬಿ ಇಟ್ಟು, ವೈರನ್ನು ಹಜಾರದ ವೆಂಟಿಲೇಟರಿನಿಂದ ಕೆಳಗಿಳಿಸಿ ನೇರ ಕನ್ಸೋಲಿಗೇ ಚುಚ್ಚಿದರು. ಅಪಾರ್ಟ್‌ಮೆಂಟಿನ ಹೆಗಲ ಮೇಲಿಂದ ಟವರ್ ಕಂಡಿತು. ದೀಪಗಳೆಲ್ಲ ಹಸಿರಾದವು. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬಂದವಳ ಹಾಗೆ ನಾನು ಮೆಟ್ಟಿಲಿಳಿದು ಬಂದೆ.

ಆ ಭಾನುವಾರ ಅವನ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಕೂತೆ. ಪರದೆಯ ಮೂಲೆಯಲ್ಲಿ ನಾಲ್ವರ ಹೆಸರಿನ ಪಕ್ಕದಲ್ಲೂ ಹಸಿರು ಗೆರೆ. ಯಾರ ನೆಟ್‌ವರ್ಕ್ ಹೇಗಿದೆ ಎಂದು ಅಲ್ಲಿ ಎಲ್ಲರಿಗೂ ಕಾಣುತ್ತದೆ. ಸೀನ ಖುಷಿಯಲ್ಲಿ, “ಏನಪ್ಪಾ ಇದು, ಬೂದಿಗೆರೆಗೆ ಕೊನೆಗೂ ಕರೆಂಟ್ ಬಂತಾ? ಬಾರೋ ಮುಂದಕ್ಕೆ” ಎಂದು ಕರೆದ. ಮುನಿರಾಜು ಕುರ್ಚಿಯಲ್ಲಿ ಕೊಂಚ ನೆಟ್ಟಗಾದ, ಮುಂದಕ್ಕೆ ಹೋದ.

ಚೆಂಡು ಅವನ ಬಳಿ ಬಂತು. ನನ್ನ ಕಣ್ಣು ಟೀವಿಯ ಮೇಲಿರಲಿಲ್ಲ. ಅವನ ಬೆರಳಿನ ಮೇಲಿತ್ತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಅದು ಒತ್ತಬೇಕೆಂದುಕೊಂಡದ್ದು ಅದರ ತುದಿಯ ನಡುಕದಲ್ಲಿ ಕಾಣುತ್ತಿತ್ತು. ಒತ್ತುವಷ್ಟರಲ್ಲಿ ಚೆಂಡು ಹೋಗಿತ್ತು. ಮತ್ತೆ ಬಂತು, ಮತ್ತೆ ಹೋಯಿತು. ಕೆಲವು ತಿಂಗಳಿಂದ ನಾನು ಅವನಿಗೆ ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಆವತ್ತು ಕೇಳಿಕೊಳ್ಳಬೇಕಾಯಿತು.

ಮೂರನೇ ಸಲ ಚೆಂಡು ತಪ್ಪಿದಾಗ ಸೀನ ಅಭ್ಯಾಸಬಲದಿಂದ, “ನೆಟ್‌ವರ್ಕ್ ಕಣೋ, ಬಿಡು” ಎಂದ. ಎಂದವನು ಸುಮ್ಮನಾದ. ಹಸಿರು ಗೆರೆ ನಾಲ್ವರ ಪರದೆಯ ಮೇಲೂ ನೆಟ್ಟಗೆ ನಿಂತಿತ್ತು. ಉಳಿದಿಬ್ಬರೂ ಮಾತಾಡಲಿಲ್ಲ. ಅಷ್ಟು ಸ್ಪಷ್ಟವಾಗಿ ಆ ಮೌನ ನಮ್ಮ ಹಜಾರಕ್ಕೆ ಹಿಂದೆಂದೂ ಬಂದಿರಲಿಲ್ಲ. ಹಿಂದೆಲ್ಲ ನಡುವೆ ಕರಕರ ಸದ್ದಿರುತ್ತಿತ್ತು. ನಾನು ಇಷ್ಟು ದಿನ ಪಟ್ಟ ಪಾಡೆಲ್ಲ ಈ ಮೌನವನ್ನು ಚೆನ್ನಾಗಿ ಕೇಳಿಸಿಕೊಳ್ಳುವುದಕ್ಕೆ ಎಂದು ಹೊಳೆದು, ಸುಲಿದ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತ ಕೂತೆ.

ಆಟ ಬೇಗ ಮುಗಿಯಿತು. ಅವನು ಬಹಳ ಹೊತ್ತು ವೆಂಟಿಲೇಟರಿನಿಂದ ಇಳಿದ ವೈರನ್ನೇ ನೋಡುತ್ತಿದ್ದ.

“ಅತ್ತಿಗೆ, ಆ ಡಬ್ಬಿ ಅಡುಗೆಮನೇಲೇ ಚೆನ್ನಾಗಿತ್ತು. ಮೇಲಿದ್ರೆ ಮಳೇಲಿ ನೆಂದ್ಬಿಡುತ್ತೆ.”

ಅದು ಅವರೆಕಾಯಿ ಕಾಲ. ಆಕಾಶದಲ್ಲಿ ಅಂಗೈಯಗಲ ಮೋಡವಿರಲಿಲ್ಲ.

“ಹೌದಪ್ಪಾ, ನೆಂದ್ಬಿಡುತ್ತೆ” ಎಂದೆ.

ಸಂಜೆ ನಮ್ಮ ಮನೆಯವರಿಗೆ ಡಬ್ಬಿ ಬಿಚ್ಚಿಕೊಡಿ ಎಂದಾಗ ಅವರು ಯಾಕೆ ಎಂದರು. ಮಳೆ ಎಂದೆ. ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಾರಸಿ ಹತ್ತಿ, ಡಬ್ಬಿ ಬಿಚ್ಚಿ, ವೈರು ಸುತ್ತಿಕೊಂಡು ಇಳಿದು ಬಂದರು. ತಮ್ಮನ ಕೈಯನ್ನು ಅವರೂ ನೋಡುತ್ತಿದ್ದರು ಎಂದು ಆಗ ತಿಳಿಯಿತು.

ಮುಂದಿನ ಭಾನುವಾರ ತೊಗರಿಬೇಳೆ ಡಬ್ಬದ ಪಕ್ಕ ಕೆಂಪು ದೀಪ ಬೆಳಗಿತು. ಕುಕ್ಕರಿನಲ್ಲಿ ಬೇಯಿಸುವುದೇನೂ ಇರಲಿಲ್ಲ, ಆದರೂ ಒಲೆಗೇರಿಸಿದ್ದೆ. ಸೀನ ಮನಸಾರೆ ಬೈದ. ನೆಟ್‌ವರ್ಕನ್ನು ಬೈದ, ಟವರನ್ನು ಬೈದ, ಅಪಾರ್ಟ್‌ಮೆಂಟ್ ಕಟ್ಟಿದವನ ವಂಶವನ್ನೇ ಬೈದ. ಉಳಿದಿಬ್ಬರೂ ದನಿಗೂಡಿಸಿದರು. ಮೂವರ ದನಿಯಲ್ಲೂ ಎಂಥದೋ ನಿರಾಳ. ಮುನಿರಾಜು ನಮ್ಮ ಗೋಲಿನ ಮುಂದೆ ನಿಂತು, “ನಾನೇನ್ ಮಾಡ್ಲೋ, ಇಲ್ಲಿ ಗೆರೆಯೇ ಬರಲ್ಲ” ಎಂದು ನಕ್ಕ. ಅಂದಿನಿಂದ ಚೆಂಡು ಅವನ ಕಡೆ ಬಂದಾಗ ಮೂವರೂ ಒಂದಿಷ್ಟು ಹೊತ್ತು ಸುಮ್ಮನೆ ಕಾಯುವುದು ನನಗೆ ಅಡುಗೆಮನೆಯಿಂದಲೇ ತಿಳಿಯುತ್ತದೆ. ಸಿಸ್ಟರ್ ಲೂಸಿಯ ಕಿಟಕಿ ಅವರಿಗೂ ಸಿಕ್ಕಿದೆ.

ಇದು ಎಷ್ಟು ದಿನ ನಡೆಯುತ್ತದೆ ಎಂದು ನನಗೆ ಗೊತ್ತಿಲ್ಲ. ಹೆಬ್ಬೆರಳು ನೆಟ್‌ವರ್ಕಿಗಾಗಿ ಕಾಯುವುದಿಲ್ಲ. ಶನಿವಾರ ಡಬ್ಬಿಯ ಧೂಳು ಒರೆಸುವಾಗ ಸ್ವಲ್ಪ ಹೆಚ್ಚು ಮೆತ್ತಗೆ ಒರೆಸುತ್ತೇನೆ. ಬೈಸಿಕೊಂಡು ಬೈಸಿಕೊಂಡು ಅದೂ ದಣಿದಿದೆ.

ನಿನ್ನೆ ಅಮ್ಮ ಫೋನು ಮಾಡಿದ್ದಳು. ಹುಣಸೆಹಣ್ಣಿನ ಮಾತಾಯಿತು, ಅವಳ ಮಂಡಿನೋವಿನ ಮಾತಾಯಿತು. ಕೊನೆಗೆ ದನಿ ತಗ್ಗಿಸಿ, “ಮುನಿರಾಜು ಹೆಂಗಿದ್ದಾನೆ?” ಎಂದಳು.

“ಹಲೋ, ಅಮ್ಮಾ, ಕೇಳಿಸ್ತಾ ಇಲ್ಲ” ಎಂದೆ.

ಆ ಕಡೆಯಿಂದ ಅಮ್ಮನ ದನಿ, ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ, “ನಂಗೂ ಅಷ್ಟೇ ಕಣೆ, ಒಂದಕ್ಷರಾನೂ ಕೇಳಿಸ್ತಿಲ್ಲ. ಹೋಗು, ಊಟ ಮಾಡು” ಎಂದಿತು.