ಸಿಂಹದ ಬಾಯಿಗೆ ಚಿಲಕ ಹಾಕಿದ ಪದ್ಮಾ ಕಾಕು

ನಮ್ಮ ಕಟ್ಟಡದಲ್ಲಿ ಬೆಳೆದ ಮಕ್ಕಳೆಲ್ಲರೂ ಒಮ್ಮೆಯಾದರೂ ಯಾವುದೋ ಪ್ರಾಣಿಯ ಬಾಯೊಳಗೆ ಹಾದು ಶೌಚಾಲಯಕ್ಕೆ ಹೋಗಿ ಬಂದಿದ್ದೇವೆ. ಸಿಂಹ, ತಿಮಿಂಗಿಲ, ಮತ್ತು ಬಣ್ಣ ಕಲೆಸುವಾಗ ಎಡವಟ್ಟಾದ್ದರಿಂದ ಏನೆಂದು ಕೊನೆಗೂ ತೀರ್ಮಾನವಾಗದ ಇನ್ನೊಂದು ಪ್ರಾಣಿ. ಇದಕ್ಕೆಲ್ಲ ಕಾರಣ ಎರಡನೆಯ ಮಹಡಿಯ ಪದ್ಮಾ ಕಾಕು.

ತೊಂಬತ್ತರ ದಶಕದ ಪುಣೆ. ನಾವಿದ್ದ ವಿಮಾನ ನಗರದಲ್ಲಿ ಆಗಿನ್ನೂ ಮಾಲ್‌ಗಳಿರಲಿಲ್ಲ, ತಲೆಯ ಮೇಲೆ ವಿಮಾನಗಳಿದ್ದವು. ನಮ್ಮ ಶಾಲೆಯ ಒಬ್ಬ ಹುಡುಗನ ಹುಟ್ಟುಹಬ್ಬ ಕ್ಯಾಂಪ್ ಎಂಬ ಪೇಟೆಯ ಹೋಟೆಲೊಂದರಲ್ಲಿ ‘ಜಂಗಲ್ ಥೀಮ್’ನಲ್ಲಿ ನಡೆಯಿತು. ಮರುದಿನದಿಂದ ಕಟ್ಟಡದ ಮಕ್ಕಳೆಲ್ಲ ಥೀಮ್ ಬೇಕೆಂದು ಹಟ ಹಿಡಿದರು. ಅಪ್ಪ ಅಮ್ಮಂದಿರು ಗಾಬರಿಯಾದರು. ಕಾಕು ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅದ್ರಾಗೇನದ? ರಟ್ಟು, ಕತ್ರಿ, ಅಂಟು. ನಾ ಮಾಡ್ತೀನಿ ತಗೋರಿ" ಎಂದರು.

ಕಾಕು ನಮ್ಮಂತೆಯೇ ಕನ್ನಡದವರು, ಬಾಗಲಕೋಟೆಯವರು; ಅವರ ಮಾತು ಕೇಳಿ ಕೇಳಿ ಕಟ್ಟಡದ ಮರಾಠಿ ಮಕ್ಕಳಿಗೂ ಕನ್ನಡ ಬರುತ್ತಿತ್ತು. ಒಬ್ಬಳೇ ಮಗಳು ಲಗ್ನವಾಗಿ ಬೆಳಗಾವಿಗೆ ಹೋಗಿದ್ದಳು. ಅವರ ಗಂಡ, ನಮ್ಮ ಕಾಕಾ, ಕ್ಯಾಂಪಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಸಂಜೆ ಸ್ಕೂಟರಿನ ಹಿಂದೆ ಖಾಲಿ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಬರುವುದು ಅವರ ಪಾಲಿನ ಕೆಲಸ. "ನಾ ಅರಿವಿ ಅಂಗಡಿಗೆ ಹೋಗ್ತೀನಿ ಅಂತ ಮಂದಿ ತಿಳಕೊಂಡಾರ. ನಾ ಹೋಗೂದು ರಟ್ಟಿಗೆ" ಎನ್ನುತ್ತಿದ್ದರು. ಗಣಪತಿ ಹಬ್ಬ ಮುಗಿದ ವಾರ ಕಾಕು ತಾವೇ ಹೊರಟು, ಜನ ಬಿಸಾಡಿದ ಮಂಟಪಗಳ ಥರ್ಮಾಕೋಲ್ ಕಂಬಗಳನ್ನು ಹೊತ್ತು ತರುತ್ತಿದ್ದರು. ಹೀಗಾಗಿ ಅವರ ಕಾಡಿನ ಮರಗಳಿಗೆ ಬುಡದಲ್ಲಿ ಕಮಲದ ದಳಗಳಿರುತ್ತಿದ್ದವು. ಚಂದ್ರಲೋಕದಲ್ಲೂ ನಾಲ್ಕು ಕಂಬಗಳಿದ್ದವು. "ಚಂದ್ರನ ಮ್ಯಾಲೆ ಕಂಬ ಇರ್ತಾವೇನು ಕಾಕು?" ಎಂದು ಯಾರೋ ಕೇಳಿದ್ದಕ್ಕೆ, "ಇಲ್ಲ ಅಂತ ನೀ ಹೋಗಿ ನೋಡಿ ಬಂದೀ?" ಎಂದರು.

ಅಂಟು ಮೈದಾ ಹಿಟ್ಟಿನದು. ಇರುವೆ ಮುತ್ತಬಾರದೆಂದು ಅದಕ್ಕೆ ಇಂಗು ಹಾಕುತ್ತಿದ್ದರು. ಇಂಗಿನಿಂದ ಇರುವೆ ಓಡಿದ್ದನ್ನು ಯಾರೂ ಕಂಡಿಲ್ಲ. ಆದರೆ ಕಾಡು, ಕಡಲು, ಆಕಾಶ ಎಲ್ಲವೂ ಆಗಷ್ಟೇ ಒಗ್ಗರಣೆ ಕೊಟ್ಟ ಸಾರಿನಂತೆ ನಾರುತ್ತಿದ್ದವು. ಕೇಕಿನ ಮೇಲೆ ಮೇಣದಬತ್ತಿ ಹಚ್ಚಲು ಕಾಕು ಬಿಡುತ್ತಿರಲಿಲ್ಲ. "ಹುಟ್ಟಿದ ದಿನಾ ದೀಪಾ ಆರಸೂದ? ಊದಲೇಬೇಕಂದ್ರ ಪೀಪಿ ಊದ್ರಿ" ಎನ್ನುವರು. ನಾವು ಪೀಪಿ ಊದಿ ಕೇಕು ಕೊಯ್ಯುತ್ತಿದ್ದೆವು.

ಇನ್ನು ಪ್ರಾಣಿಯ ಬಾಯಿಯ ವಿಷಯ. ಹುಟ್ಟುಹಬ್ಬದ ಮಗುವನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಆರತಿ ಮಾಡಬೇಕು. ಇದರಲ್ಲಿ ಕಾಕುವಿಗೂ ಕಟ್ಟಡದ ಮರಾಠಿ ಮನೆಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮಗು ಪೂರ್ವಕ್ಕೆ ತಿರುಗಿದರೆ ಬೆನ್ನಿಗೆ ಬರುವುದು ಪಶ್ಚಿಮದ ಗೋಡೆ. ಫೋಟೋದಲ್ಲಿ ಕಾಣುವುದೂ ಅದೇ. ಆದ್ದರಿಂದ ಅಲಂಕಾರವೆಲ್ಲ ಅಲ್ಲೇ ಆಗಬೇಕು. ನಮ್ಮ ಬಿಲ್ಡರ್ ಮಹಾಶಯ ಪ್ರತಿ ಮನೆಯ ಹಾಲಿನಲ್ಲೂ ಪಶ್ಚಿಮದ ಗೋಡೆಯ ನಟ್ಟನಡುವೆ ಶೌಚಾಲಯದ ಬಾಗಿಲು ಇಟ್ಟಿದ್ದ.

"ಅಕ್ಕಾರ, ಕೂಸಿನ್ನ ಉತ್ತರಕ್ಕ ಕುಂಡ್ರಿಸಿದ್ರ ನಡೀತದಲ್ರಿ?" ಎಂದು ನನ್ನ ಅಮ್ಮ ಒಮ್ಮೆ ಸಲಹೆ ಕೊಟ್ಟಳು.

"ನಡೀತದ. ಆದ್ರ ಸಂಡಾಸಿನ ಬಾಗಲಾ ನಮ್ಮನ್ನ ಹೆದರಿಸಿ ತಿರುಗಿಸಿಧಂಗ ಆತು. ನಾವ್ಯಾಕ ಹೆದರೂಣು?"

ಹೀಗೆ ಆ ಬಾಗಿಲು ಕೆಳಗಿನ ಮನೆಯ ಚಿನ್ಮಯನ ಹುಟ್ಟುಹಬ್ಬಕ್ಕೆ ಸಿಂಹದ ಬಾಯಿಯಾಯಿತು. ಗೋಡೆ ತುಂಬ ಕೇಸರ, ಬಾಗಿಲ ಚೌಕಟ್ಟಿಗೆ ಹಲ್ಲು, ಚಿಲಕಕ್ಕೆ ಕೆಂಪು ನಾಲಿಗೆ. ಚಿನ್ಮಯ ಮಣೆಯ ಮೇಲೆ ಕೂತ. ಅವನ ತಾಯಿ ಆರತಿ ಎತ್ತಿದಳು. ಎಲ್ಲರೂ ಗಂಭೀರರಾಗಿ ನಿಂತಿದ್ದಾಗ ಸಿಂಹದ ಹೊಟ್ಟೆಯೊಳಗೆ ನೀರು ಸುರಿದ ಸದ್ದಾಯಿತು. ನಾಲಿಗೆ ಅಲುಗಾಡಿತು. ಬಾಯಿ ತೆರೆಯಿತು. ಚಿನ್ಮಯನ ಅಜ್ಜ, ನಾವೆಲ್ಲ ಆಜೋಬಾ ಎನ್ನುತ್ತಿದ್ದವರು, ಧೋತರದ ಚುಂಗು ಕೈಯಲ್ಲಿ ಹಿಡಿದು ಹೊರಬಂದರು. ಎದುರಿಗೆ ಇಡೀ ಕಟ್ಟಡ. ಅವರು ಒಂದು ಕ್ಷಣ ನಿಂತು, "ಚಾಲೂ ದ್ಯಾ, ಚಾಲೂ ದ್ಯಾ" ಎಂದು ಎಲ್ಲರಿಗೂ ಮುಂದುವರಿಸಲು ಅಪ್ಪಣೆ ಕೊಟ್ಟು ಸೋಫಾದ ಮೇಲೆ ಕೂತರು. ಕಾಕು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. "ಹಲ್ಲು ಒಂದೂ ಬೀಳಲಿಲ್ಲ ನೋಡ್ರಿ" ಎಂಬುದು ಆಮೇಲೆ ಅವರ ಹೆಮ್ಮೆ.

ನನ್ನ ಸರದಿ ಬಂದದ್ದು ನಾಲ್ಕನೆಯ ತರಗತಿಯಲ್ಲಿ. ನನಗೆ ಜನ ನನ್ನನ್ನು ನೋಡುವುದೆಂದರೆ ಆಗುತ್ತಿರಲಿಲ್ಲ. ಒಬ್ಬಿಬ್ಬರಾದರೆ ಹೇಗೋ ಸಹಿಸಬಹುದು. ಹಾಲಿನ ತುಂಬ ಜನ, ಐದು ಮಂದಿ ಮುತ್ತೈದೆಯರ ಆರತಿ, ನಡುವೆ ಮಣೆಯ ಮೇಲೆ ನಾನು! ಹಿಂದಿನ ವರ್ಷ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಹಿಟ್ಟಿನ ದೊಡ್ಡ ಡಬ್ಬದ ಹಿಂದೆ ಅಡಗಿ ಕೂತಿದ್ದೆ. ಅಮ್ಮನಿಗೆ ಬಂದವರೆದುರು ಅವಮಾನವಾಗಿತ್ತು. "ಈ ಸಲಾ ಹಂಗ ಮಾಡಿದ್ರ ಇನ್ನ ಮ್ಯಾಲೆ ನಿನ್ನ ಹುಟ್ಟಿದಹಬ್ಬಾನೇ ಇಲ್ಲ" ಎಂದಿದ್ದಳು. ಹುಟ್ಟುಹಬ್ಬವೂ ಬೇಕಿತ್ತು, ಕಣ್ಣುಗಳು ಬೇಡವಾಗಿದ್ದವು.

ಒಂದು ವಾರ ಮೊದಲೇ ಕಾಕು ಕತ್ತರಿ ಹಿಡಿದೇ ಬಂದರು. "ಏನ್ ಮಾಡೂಣು ಮೇಧಾ? ಕಾಡು? ಸಮುದ್ರ?"

"ಏನೂ ಬ್ಯಾಡ ಕಾಕು."

"ಏನೂ ಬ್ಯಾಡ ಅನ್ನೂದಕ್ಕ ಯಾವ ಬಣ್ಣ ಹಚ್ಚಲೆವ್ವಾ?"

ನನಗೆ ಅಳು ಬಂತು. "ಎಲ್ಲಾರೂ ನೋಡ್ತಾರ" ಎಂದೆ.

ಎಲ್ಲರೂ ಹೇಳುವಂತೆ ‘ಅದಕ್ಕೇನಾಗ್ತದ’ ಎಂದು ಕಾಕು ಹೇಳಲಿಲ್ಲ. ಸ್ವಲ್ಪ ಹೊತ್ತು ಗಾಳಿಯಲ್ಲೇ ಕತ್ತರಿ ಆಡಿಸಿದರು. "ಹೌದು, ಮಂದಿ ಕಣ್ಣು ಭಾಳ ಕೆಟ್ಟ. ನೀ ಎಲ್ಲಾರ್ನೂ ನೋಡಬೇಕು, ನಿನ್ನ ಯಾರೂ ನೋಡಬಾರದು. ಅಷ್ಟ ಹೌದಿಲ್ಲೋ?"

ನಾನು ತಲೆಯಾಡಿಸಿದೆ.

ಹುಟ್ಟುಹಬ್ಬದ ದಿನ ನಮ್ಮ ಪಶ್ಚಿಮದ ಗೋಡೆಗೆ ನೀರೊಳಗೆ ಮುಳುಗಿ ಸಾಗುವ ಹಡಗೊಂದು, ಅಂದರೆ ಸಬ್‌ಮರೀನ್, ಬಂದು ನಿಂತಿತ್ತು. ಎರಡು ಫ್ರಿಜ್ಜಿನ ಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ಹೊಟ್ಟೆ, ಊಟದ ತಟ್ಟೆಯ ಅಳತೆಯ ದುಂಡು ಕಿಟಕಿಗಳು, ಅವಕ್ಕೆ ಹಳದಿ ಜಿಲೆಟಿನ್ ಕಾಗದ, ಮೇಲೆ ಗಣಪತಿ ಕಂಬದ ಗೋಪುರ. ಒಳಗೆ ಮಣೆ. ಅಲ್ಲಿ ಕೂತರೆ ನನಗೆ ಹಾಲೆಲ್ಲ ಹಳದಿಯಾಗಿ ಕಾಣುತ್ತಿತ್ತು. ಹೊರಗಿನವರಿಗೆ ನಾನು ಬರೀ ನೆರಳು.

"ಆರತಿ ಯಾರಿಗೆ ಮಾಡೂದ್ರಿ ಅಕ್ಕಾರ? ರಟ್ಟಿಗೇನು?" ಅಮ್ಮ ಸಿಟ್ಟಾದಳು.

"ರಟ್ಟಿಗ್ಯಾಕ? ಹಣಿ ಹೊರಗ ಬರ್ತದಲ್ಲ" ಎಂದ ಕಾಕು ಅಂಚೆಪೆಟ್ಟಿಗೆಯ ಬಾಯಂಥ ಒಂದು ಸಂದು ತೋರಿಸಿದರು. ನಾನು ಅದರಲ್ಲಿ ಹಣೆಯಷ್ಟನ್ನೇ ತೂರಿಸಿದೆ. ಐದೂ ಮಂದಿ ಮುತ್ತೈದೆಯರು ಒಬ್ಬರಾದ ಮೇಲೊಬ್ಬರು ಬಂದು ಹಡಗಿನಿಂದ ಇಣುಕಿದ ಹಣೆಗೆ ಕುಂಕುಮ ಹಚ್ಚಿ, ಆರತಿ ಬೆಳಗಿ ಹೋದರು. ಒಬ್ಬರು ಅಂದಾಜು ತಪ್ಪಿ ರಟ್ಟಿಗೂ ಹಚ್ಚಿದರು.

ನನ್ನ ಜೀವನದಲ್ಲೇ ಅಷ್ಟು ಸುಖವಾಗಿ ಯಾವ ಸಮಾರಂಭದಲ್ಲೂ ಕೂತಿರಲಿಲ್ಲ. ಆದರೆ ಹಡಗಿನ ಬೆನ್ನಿಗೆ ಶೌಚಾಲಯದ ಬಾಗಿಲಿತ್ತಲ್ಲ! ಆಜೋಬಾ ಎದ್ದುಬಂದು ಕಿಟಕಿಯ ಮೇಲೆ ಬೆರಳಿನಿಂದ ತಟ್ಟಿದರು. ಕಾಕು ಮೊದಲೇ ಹೇಳಿಕೊಟ್ಟಿದ್ದರು: "ನೀ ಕ್ಯಾಪ್ಟನ್. ದಾರಿ ಬಿಡೂದು ನಿನ್ನ ಕೆಲಸ." ನಾನು ಪಕ್ಕದ ಮುಚ್ಚಳ ತೆರೆದೆ. ಅವರು ಬಗ್ಗಿ ಒಳಬಂದು, ನನಗೊಂದು ಸೆಲ್ಯೂಟ್ ಹೊಡೆದು ಹಿಂದಿನ ಬಾಗಿಲು ಹೊಕ್ಕರು.

ಇದನ್ನು ಕಂಡ ಮಕ್ಕಳಿಗೆಲ್ಲ ಒಟ್ಟಿಗೇ ಅವಸರವಾಯಿತು. ಚಿನ್ಮಯ ಹೋಗಿಬಂದವನೇ ಮತ್ತೆ ಸಾಲಿಗೆ ನಿಂತ. ನೂಕುನುಗ್ಗಲಾಯಿತು, ಹಡಗು ವಾಲಿತು. ನಾನು ಕಿಟಕಿಯ ಕಾಗದ ಹರಿದು ಕೈ ಚಾಚಿ ಬೆದರಿಸಿದೆ. ಕೇಳಲಿಲ್ಲ. ತಲೆ ಹೊರಗೆ ಹಾಕಿ ಕೂಗಿದೆ. ಆಗಲೂ ಕೇಳಲಿಲ್ಲ. ಕೊನೆಗೆ ಮುಚ್ಚಳ ಒದ್ದು ಹೊರಬಂದು, ಕುರ್ಚಿಯ ಮೇಲೆ ಹತ್ತಿ ನಿಂತು, "ಒಬ್ಬೊಬ್ಬರ ಬರ್ರಿ! ಚಿನ್ಯಾ, ನಿನಗ ಈಗಷ್ಟ ಆಗೇದ!" ಎಂದು ಕಿರುಚಿದೆ. ಸಾಲು ನೆಟ್ಟಗಾಯಿತು. ಆಗ ನೋಡಿದೆ: ಎಲ್ಲರ ಕಣ್ಣೂ ನನ್ನ ಮೇಲಿತ್ತು. ಅಮ್ಮ ಆರತಿ ತಟ್ಟೆ ಹಿಡಿದು ಬಾಯಿ ತೆರೆದು ನಿಂತಿದ್ದಳು. ನನಗೆ ಏನೂ ಆಗಲಿಲ್ಲ. ಚಿನ್ಮಯನನ್ನು ಸಾಲಿನಿಂದ ಹೊರಗೆ ಕಳಿಸುವ ಕೆಲಸ ಇನ್ನೂ ಬಾಕಿ ಇತ್ತು.

ಕಾಕು ಎಲ್ಲೆಂದು ಹುಡುಕಿದಾಗ ಅವರು ಗೋಡೆಗೂ ಹಡಗಿಗೂ ನಡುವಿನ ಸಂದಿಯಲ್ಲಿ ನಿಂತಿದ್ದರು. ಗೋಪುರದ ಅಂಟು ಆರತಿಗೆ ಮೊದಲೇ ಬಿಟ್ಟಿತ್ತು. ಪೂರ್ತಿ ಹೊತ್ತು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದಿದ್ದರು. ನಾನು ಸಂದಿಯೊಳಗೆ ಕೈ ತೂರಿಸಿ ಅವರ ಬಾಯಿಗೇ ಕೇಕು ಇಟ್ಟೆ. "ಹೊರಗ ಬರ್ರಿ ಕಾಕು, ಗೋಪುರ ಬಿದ್ರ ಬೀಳಲಿ" ಎಂದೆ. "ಬ್ಯಾಡವ್ವಾ, ನನಗ ಇಲ್ಲೇ ಆರಾಮ ಅದ" ಎಂದರು. ಅವರೂ ನನ್ನ ಹಾಗೆಯೇ ಎಂದು ನನಗೆ ಹೊಳೆದದ್ದು ಆಗ. ಯಾರಿಗೂ ಹೇಳಲಿಲ್ಲ.

ಮುಂದೆ ಮಾಲ್‌ಗಳು ಬಂದವು, ಬಾಡಿಗೆಯ ಬಲೂನಿನ ಕಮಾನುಗಳು ಬಂದವು. ಅಂಥದೊಂದು ಹುಟ್ಟುಹಬ್ಬಕ್ಕೆ ಕಾಕುವನ್ನೂ ಕರೆದಿದ್ದರು. ಹೇಗಿತ್ತೆಂದು ಕೇಳಿದೆ. "ಭಾಳ ಛಂದ ಇತ್ತು. ಆದ್ರ ಏನೂ ವಾಸನಿನೇ ಇಲ್ಲ ನೋಡು" ಎಂದು ಅನುಮಾನದ ಮುಖ ಮಾಡಿದರು.

ನಾನು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಕಾಕಾ ನಿವೃತ್ತರಾಗಿ, ಇಬ್ಬರೂ ಬೆಳಗಾವಿಗೆ ಮಗಳ ಊರಿಗೆ ಹೊರಟರು. ಗೇಟಿನಲ್ಲಿ ಟೆಂಪೊ ನಿಂತಿತ್ತು. ಕಟ್ಟಡದವರೆಲ್ಲ ಕೆಳಗಿಳಿದು ಬಂದರು. ನನ್ನ ಕೈಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ. ಎಲ್ಲರೂ ಮೆಟ್ಟಿಲ ಬಳಿ ಸಾಲಾಗಿ ನಿಂತಾಗ ಕಾಕುವಿನ ಕಣ್ಣು ಅವರ ಹಿಂದಿನ ವಿದ್ಯುತ್ ಮೀಟರುಗಳ ಮೇಲೆ ಬಿತ್ತು.

"ಏ, ಇದೇನು! ಫೋಟೋದಾಗ ಮೀಟರ್ ಬರ್ತಾವ!" ಎಂದವರೇ ಟೆಂಪೊ ಹತ್ತಿ, ಕಟ್ಟಿದ ಗಂಟು ಬಿಚ್ಚಿ, ಸೂರ್ಯಕಾಂತಿ ಹೂವಿನ ಹಾಸಿಗೆ ಹೊದಿಕೆಯೊಂದನ್ನು ಎಳೆದು ತಂದರು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ಇನ್ನೊಂದು ತುದಿ ಹಿಡಿದು ಹೊದಿಕೆಯ ಹಿಂದೆ ಮರೆಯಾದರು.

"ಕಾಕು, ಪುಢೇ ಯಾ!" ಮರಾಠಿ ಹೆಂಗಸರು ಮುಂದೆ ಬರುವಂತೆ ಕೂಗಿದರು. "ಅಕ್ಕಾರ, ನಿಮ್ಮ ಸಲುವಾಗೇ ಫೋಟೋ ರೀ! ಜಗ್ರಿ ಅವರ್ನ" ಎಂದಳು ಅಮ್ಮ. ಈಗ ಮೀಸೆ ಬಂದಿದ್ದ ಚಿನ್ಮಯ ಅವರ ಕೈ ಹಿಡಿದು ಎಳೆಯಲು ಹೊರಟ. ಹೊದಿಕೆಯ ಅಂಚಿನ ಮೇಲಿಂದ ಕಾಕುವಿನ ಕಣ್ಣುಗಳು ಮಾತ್ರ ಕಂಡವು. ಅವು ನನ್ನನ್ನೇ ನೋಡುತ್ತಿದ್ದವು.

"ಚಿನ್ಮಯ, ನಿನ್ನ ಜಾಗಾಕ್ಕ ಹೋಗು" ಎಂದೆ. ನನ್ನ ದನಿ ಅಂಗಳಕ್ಕೆಲ್ಲ ಕೇಳಿಸಿರಬೇಕು. "ಯಾರೂ ಅಲುಗಾಡಬ್ಯಾಡ್ರಿ. ಎಲ್ಲಾರೂ ನನ್ನ ಕಡೆ ನೋಡ್ರಿ."

ಎಲ್ಲರೂ ನೋಡಿದರು. ಕಾಕುವಿನ ಕಣ್ಣುಗಳು ಹೊದಿಕೆಯ ಹಿಂದಕ್ಕೆ ಇಳಿದವು. ನಾನು ಗುಂಡಿ ಒತ್ತಿದೆ.

ಅವರನ್ನು ನಾನು ಕಂಡದ್ದು ಅದೇ ಕೊನೆ. ಆ ಫೋಟೋ ಈಗಲೂ ನನ್ನ ಬಳಿ ಇದೆ. ಕಟ್ಟಡದವರೆಲ್ಲ ಇದ್ದಾರೆ, ಮೀಟರುಗಳಿಲ್ಲ, ಕಾಕು ಇಲ್ಲ. ಹೊದಿಕೆ ಒಂದಿಷ್ಟೂ ಓರೆಯಾಗಿಲ್ಲ.