ಕಣ್ಣು ಬಿಟ್ಟ ಒಂದು ಫೋಟೋ

ಮನೆಗೆ ಸುಣ್ಣ ಹೊಡೆಸುವ ಗಡಿಬಿಡಿಯಲ್ಲಿ ಮೊನ್ನೆ ಅಟ್ಟದಿಂದ ಒಂದು ಹಳೆಯ ತಗಡಿನ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದದ್ದೇ ಕುಚ್ಚಲಕ್ಕಿಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಒಂದಿಷ್ಟು ಅಕ್ಕಿ, ಅದರಲ್ಲಿ ಸುಖವಾಗಿ ಬಾಳಿ ಬದುಕಿದ ಹುಳುಗಳ ಸಂಸಾರ, ಅವುಗಳ ನಡುವೆ ಕಪ್ಪು ಚೀಲದಲ್ಲಿ ನನ್ನ ಕ್ಯಾಮೆರಾ.

ಕ್ಯಾಮೆರಾಕ್ಕೂ ಅಕ್ಕಿ ಡಬ್ಬಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಿದರೆ, ಮಲೆನಾಡಿನಲ್ಲಿ ಒಂದು ಮಳೆಗಾಲವನ್ನೂ ಕಳೆದವರಲ್ಲ ಎಂದು ತಿಳಿಯುತ್ತೇನೆ. ಇಲ್ಲಿ ಆಷಾಢ ಮುಗಿಯುವುದರೊಳಗೆ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಗೋಡೆಗೆ ತೂಗುಹಾಕಿದ ನನ್ನ ಬಿ.ಎಡ್. ಸರ್ಟಿಫಿಕೇಟಿಗೂ ಬೂಷ್ಟು. ಕ್ಯಾಮೆರಾದ ಲೆನ್ಸನ್ನೂ ಅದು ಬಿಡುವುದಿಲ್ಲ. ಅಕ್ಕಿ ತೇವ ಹೀರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಅದನ್ನು ಅಕ್ಕಿಯಲ್ಲಿ ಹೂತಿಟ್ಟೆ. ಬೂಷ್ಟೇನೋ ಬರಲಿಲ್ಲ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೋಗಿ, ಒಂದು ದಿನ ಅದು ಆಮೆಯ ತಲೆಯಂತೆ ಅರ್ಧ ಹೊರಗೆ ಬಂದು, ಕಿರ್ ಎಂದು ನಿಂತುಬಿಟ್ಟಿತು. ಎಂದಾದರೂ ಸರಿಯಾದೀತು ಎಂದು ಮತ್ತೆ ಅದೇ ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದ್ದೆ. ವಿಜ್ಞಾನದ ಮೇಷ್ಟರ ಬುದ್ಧಿ ಅದು.

"ಎಸೀರಿ ಅದನ್ನ. ಎಂತಕ್ಕೆ ಇಟ್ಕೊಂಡಿದೀರಿ?" ಅಂದಳು ನನ್ನ ಹೆಂಡತಿ. ಅವಳು ಹೇಳುವುದು ಸರಿಯೇ. ಆದರೆ ನಾನು ಜೀವಮಾನದಲ್ಲಿ ತೆಗೆದ ಒಂದೇ ಒಂದು ಒಳ್ಳೆಯ ಫೋಟೋ ಈ ಕ್ಯಾಮೆರಾದ್ದು. ಅಷ್ಟಾದರೂ ಗೌರವ ಬೇಡವೇ?

ನನ್ನ ಅಕ್ಕನ ವಿಷಯ ಮೊದಲು ಹೇಳಬೇಕು. ಅವಳ ಒಂದೇ ಒಂದು ಫೋಟೋದಲ್ಲೂ ಕಣ್ಣು ತೆರೆದಿರಲಿಲ್ಲ. ಏಳನೆಯ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಮೇಷ್ಟರ ಪಕ್ಕದಲ್ಲಿ ನಿಂತೇ ನಿದ್ದೆ. ಮದುವೆಯ ಆಲ್ಬಮ್ಮಿನಲ್ಲಿ ಧಾರೆಯಿಂದ ಹಿಡಿದು ಊಟದ ಎಲೆಯವರೆಗೆ ನಿದ್ದೆ. ಮಗಳ ನಾಮಕರಣದ ಫೋಟೋದಲ್ಲಂತೂ ತೊಟ್ಟಿಲ ಕೂಸು ಕಣ್ಣರಳಿಸಿ ನೋಡುತ್ತಿದೆ, ತಾಯಿ ಮಲಗಿದ್ದಾಳೆ. ಫ್ಲಾಶ್ ಹೊಡೆಯುವ ಮೊದಲೇ ಅವಳ ರೆಪ್ಪೆಗಳಿಗೆ ಸುದ್ದಿ ಮುಟ್ಟುತ್ತಿತ್ತು. "ಅಕ್ಕ ಫೋಟೋದಲ್ಲಿ ತಪಸ್ಸಿಗೆ ಕೂರ್ತಾಳೆ" ಎಂದು ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ನಗದೆ ಇದ್ದವರು ಭಾವ ಒಬ್ಬರೇ. ಅವರು ಶೃಂಗೇರಿಯ ಒಂದು ಲಾಡ್ಜಿನಲ್ಲಿ ಮ್ಯಾನೇಜರಾಗಿದ್ದರು. ಬೆಳಿಗ್ಗೆ ಹೋದರೆ ಸಂಜೆಯ ಪ್ರೈವೇಟ್ ಬಸ್ಸಿಗೆ ವಾಪಸು. ಮನೆ ಕೊಪ್ಪ ರಸ್ತೆಯ ಒಂದು ತಿರುವಿನಲ್ಲಿ, ರಸ್ತೆಗೆ ಅಂಟಿಕೊಂಡಂತೆ ಇತ್ತು. ಲಾಡ್ಜಿನ ಕೌಂಟರಿನ ಮೇಲೆ ಗಾಜು ಹಾಸಿದ್ದರು. ಗಾಜಿನ ಅಡಿಯಲ್ಲಿ ಒಂದು ಕ್ಯಾಲೆಂಡರು, ಬಸ್ಸಿನ ಟೈಮು ಬರೆದ ಚೀಟಿ, ಮತ್ತೆ ಅಕ್ಕ ಭಾವನ ಮದುವೆಯ ಫೋಟೋ. ಒಮ್ಮೆ ಬಯಲುಸೀಮೆ ಕಡೆಯ ಯಾತ್ರಿಕರೊಬ್ಬರು ರೂಮಿನ ಕೀಲಿ ತೆಗೆದುಕೊಳ್ಳುತ್ತಾ ಆ ಫೋಟೋ ನೋಡಿ, "ಪಾಪ, ಮನೆಯವ್ರಿಗೆ ಹುಟ್ಟಿನಿಂದಲೇ ಕಣ್ಣಿಲ್ವೇನ್ರಿ?" ಎಂದು ತುಂಬ ಮರುಕದಿಂದ ಕೇಳಿದರಂತೆ. ಭಾವ ಇದನ್ನು ನನಗೆ ಹೇಳುವಾಗ ನಾನು ಬಿದ್ದು ಬಿದ್ದು ನಕ್ಕೆ.

"ನಗ್ಬೇಡ ಮಾರಾಯ. ಅವಳಿಗಿರೋ ಕಣ್ಣು ನಮ್ಮೂರಲ್ಲಿ ಇನ್ಯಾರಿಗಿದೆ ಹೇಳು? ಅದಕ್ಕೊಂದು ಸಾಕ್ಷಿ ಇಲ್ಲ ನನ್ನ ಹತ್ರ. ಅರುವತ್ತಕ್ಕೆ ನೀವೆಲ್ಲ ಸೇರಿ ಶಾಲು ಗೀಲು ತರೋದು ಬೇಡ. ಇವಳು ಕಣ್ಣು ಬಿಟ್ಟ ಒಂದು ಫೋಟೋ ತೆಗ್ದು ಕೊಡು."

ಭಾವನಿಗೆ ಆಗ ಅರುವತ್ತರ ಶಾಂತಿ ಹತ್ತಿರ ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಹತ್ತಿರ ಅವರು ಏನನ್ನೂ ಕೇಳಿದವರಲ್ಲ. ಹೀಗೆ ಹೇಳಿದ ಮೇಲೆ, ತಮಾಷೆಗೋ ನಿಜಕ್ಕೋ, ಇನ್ನೊಂದು ಮಾತು ಸೇರಿಸಿದರು. "ನಿನ್ನ ಅಕ್ಕನಿಗೆ ನಾನು ಮನೆಗೆ ಬಂದ್ರೂ ಒಂದೇ, ಬರದಿದ್ರೂ ಒಂದೇ. ಬಂದ ಕೂಡ್ಲೇ ಹಿಂಗು ತಂದ್ರಾ, ಕಾಲು ತೊಳೆದ್ರಾ, ಅಷ್ಟೇ. ಫೋಟೋದಲ್ಲಾದ್ರೂ ನನ್ನ ಕಡೆ ನೋಡ್ಲಿ."

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಕಷ್ಟ ಗೊತ್ತಾಯಿತು. ಫ್ಲಾಶಿಗೆ ಅಕ್ಕ ಕಣ್ಣು ಮುಚ್ಚುತ್ತಾಳೆ. ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿದರೆ ಕಣ್ಣು ಕಿರಿದಾಗಿ ಎರಡು ಗೆರೆ ಉಳಿಯುತ್ತವೆ. ಅವಳ ಕಣ್ಣು ಪೂರ್ತಿ ಅರಳುವುದು ಅಡುಗೆಮನೆಯ ಮಬ್ಬಿನಲ್ಲಿ ಮಾತ್ರ. ಆ ಅಡುಗೆಮನೆಗೆ ರಸ್ತೆಯ ಕಡೆ ಒಂದು ಸಣ್ಣ ಕಿಟಕಿ, ಹೊಗೆ ಕುಡಿದು ಕಪ್ಪಾದ ಗೋಡೆ, ಮತ್ತೆ ಒಂದು ಬಲ್ಬು. ಸಂಜೆಯಾದರೆ ವೋಲ್ಟೇಜು ಎಷ್ಟು ಇಳಿಯುತ್ತಿತ್ತೆಂದರೆ ಬಲ್ಬು ಉರಿಯುತ್ತಿದೆಯೇ ಎಂದು ತಿಳಿಯಲು ಇನ್ನೊಂದು ದೀಪ ಬೇಕಾಗುತ್ತಿತ್ತು. ಅಲ್ಲಿ, ಫ್ಲಾಶ್ ಇಲ್ಲದೆ, ಫೋಟೋ ತೆಗೆಯುವ ಕ್ಯಾಮೆರಾ ಬೇಕು. ನನ್ನ ಬಳಿ ಇದ್ದದ್ದು ರೀಲು ಹಾಕುವ ಹಳೆಯ ಡಬ್ಬ. ಅದರಲ್ಲಿ ನಾನು ತೆಗೆದ ಫೋಟೋಗಳಲ್ಲಿ ಹೆಚ್ಚಿನವುಗಳಲ್ಲಿ ನನ್ನ ಹೆಬ್ಬೆರಳೇ ಪ್ರಧಾನ ಪಾತ್ರ.

ಡಿಜಿಟಲ್ ಕ್ಯಾಮೆರಾ ನಮ್ಮ ಕಡೆಗೆ ಆಗಷ್ಟೇ ಕಾಲಿಡುತ್ತಿದ್ದ ಕಾಲ. ನಾನು ನರಸಿಂಹರಾಜಪುರದ ಹೈಸ್ಕೂಲಿನಲ್ಲಿದ್ದೆ. ಸ್ಟಾಫ್ ರೂಮಿನಲ್ಲಿ ವಿಷಯ ಎತ್ತಿದ್ದೇ ತಪ್ಪಾಯಿತು. ಕ್ಯಾಮೆರಾ ಮುಟ್ಟದವರೆಲ್ಲ ಸಲಹೆ ಕೊಟ್ಟರು. "ಮೆಗಾಪಿಕ್ಸೆಲ್ ಜಾಸ್ತಿ ಇರ್ಬೇಕು ಮಾರಾಯ, ಮತ್ತೆಂತದೂ ನೋಡ್ಬೇಡ" ಅಂದರು ಕನ್ನಡದ ಮೇಷ್ಟರು. ಜೂಮ್ ದೊಡ್ಡದಿರಬೇಕು ಅಂದರು ಡ್ರಿಲ್ ಮಾಸ್ಟರು. ಅಕ್ಕನ ಅಡುಗೆಮನೆಯಲ್ಲಿ ಎರಡು ಹೆಜ್ಜೆ ಹಿಂದಿಟ್ಟರೆ ಬೆನ್ನಿಗೆ ಗೋಡೆ. ಅಲ್ಲಿ ಜೂಮ್ ಹಾಕಿದರೆ ಮೂಗುತಿ ಮಾತ್ರ ಬಂದೀತು.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಅಕ್ಕನ ಮನೆಗೆ ಹೋಗುವಾಗ ಕೊಪ್ಪದ ಹತ್ತಿರ ಬಾಳಗಡಿಯಲ್ಲಿ ಇಳಿದು, ಕಾಲೇಜಿನ ಹುಡುಗರ ನಡುವೆ ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದೆ. ಕತ್ತಲಲ್ಲಿ ತೆಗೆದ ಮಾದರಿ ಫೋಟೋಗಳು ಪರದೆಯ ಮೇಲೆ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯುತ್ತಿದ್ದವು. ಮುಖ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಹಾಗಾಗಿ ಎಷ್ಟೋ ಜನರ ಕೂದಲು ಮಾತ್ರ ನೋಡಿ ಕ್ಯಾಮೆರಾದ ಯೋಗ್ಯತೆ ಅಳೆದಿದ್ದೇನೆ. ಆದರೂ ಎರಡು ವಿಷಯ ತಲೆಗೆ ಹೋಯಿತು. ಲೆನ್ಸಿನ ಬಾಯಿ ದೊಡ್ಡದಿರಬೇಕು, ದೊಡ್ಡ ಕಿಟಕಿಯ ಕೋಣೆಗೆ ಹೆಚ್ಚು ಬೆಳಕು ಬರುವ ಹಾಗೆ. ಮತ್ತೆ, ಪುಟ್ಟ ಕ್ಯಾಮೆರಾದೊಳಗೆ ಮೆಗಾಪಿಕ್ಸೆಲ್ಲುಗಳನ್ನು ತುರುಕಿದಷ್ಟೂ ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆ. ಕನ್ನಡದ ಮೇಷ್ಟರಿಗೆ ಇದನ್ನು ಹೇಳಲು ಹೋಗಲಿಲ್ಲ.

ಶಿವಮೊಗ್ಗದ ಅಂಗಡಿಯಲ್ಲಿ ಎರಡು ಕ್ಯಾಮೆರಾಗಳು ಕೊನೆಗೆ ಉಳಿದವು. ಒಂದು ಬೆಳ್ಳಿಯ ಬಣ್ಣದ ಚೆಂದುಳ್ಳಿ, ಮೆಗಾಪಿಕ್ಸೆಲ್ಲೂ ಹೆಚ್ಚು, ಜೂಮೂ ಹೆಚ್ಚು. ಇನ್ನೊಂದು ಕಪ್ಪಗೆ, ದಪ್ಪಗೆ, ಎಲ್ಲದರಲ್ಲೂ ಕಡಿಮೆ. ಅಂಗಡಿಯ ಯಜಮಾನರು ಬೆಳ್ಳಿಯದನ್ನೇ ನನ್ನ ಕೈಗೆ ಮತ್ತೆ ಮತ್ತೆ ಇಡುತ್ತಿದ್ದರು. "ಸಾರ್, ಸ್ವಲ್ಪ ಟ್ಯೂಬ್‌ಲೈಟ್ ಆರಿಸ್ತೀರಾ?" ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ ಮೈ ಬೆವರಿತು. ಅಷ್ಟರಲ್ಲಿ ವಿದ್ಯುತ್ ಇಲಾಖೆಯೇ ನನ್ನ ಕೈ ಹಿಡಿಯಿತು, ಕರೆಂಟು ಹೋಯಿತು. ಮಬ್ಬುಗತ್ತಲಲ್ಲಿ ಯಜಮಾನರ ಮುಖವನ್ನೇ ಎರಡರಲ್ಲೂ ತೆಗೆದೆ. ಬೆಳ್ಳಿಯದರಲ್ಲಿ ಅವರು ರವೆ ಉಪ್ಪಿಟ್ಟಿನ ಹಾಗೆ ಕಾಳುಕಾಳಾಗಿ ಬಂದಿದ್ದರು. ಕಪ್ಪಿನದರಲ್ಲಿ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಅವರು ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿ, "ಇದನ್ನ ನಾನೇ ಇಟ್ಕೊಳ್ಳಾನ ಅನಿಸ್ತಿದೆಯಲ್ಲ ಸಾರ್" ಅಂದರು. ಕಿತ್ತುಕೊಂಡವನಂತೆ ತೆಗೆದುಕೊಂಡು ಬಂದೆ.

ಮೊದಲ ಶನಿವಾರದ ಫಲಿತಾಂಶ ಹೇಳುತ್ತೇನೆ. ಅಡುಗೆಮನೆಯ ಗೂಡು, ಗೂಡಿನ ಪಾತ್ರೆಗಳು, ಗೋಡೆಯ ಮೇಲಿನ ಹಲ್ಲಿ, ಎಲ್ಲ ಸ್ಪಷ್ಟ. ಅಕ್ಕ ಇರಬೇಕಾದ ಜಾಗದಲ್ಲಿ ಮಾತ್ರ ಹೊಗೆಯಂಥ ಏನೋ ಒಂದು. ಬೆಳಕು ಕಡಿಮೆಯಿದ್ದರೆ ಕ್ಯಾಮೆರಾ ಸ್ವಲ್ಪ ಹೊತ್ತು ಕಣ್ಣು ತೆರೆದೇ ಇರುತ್ತದೆ, ಎದುರಿನವರು ಅಷ್ಟು ಹೊತ್ತು ಅಲ್ಲಾಡಬಾರದು. ಅಕ್ಕ ಅಲ್ಲಾಡದ ಹೊತ್ತು ಯಾವುದು? ಒಲೆಯಿಂದ ಒರಳಿಗೆ, ಒರಳಿಂದ ಕಟ್ಟೆಗೆ, ಬಾಯಿ ಬೇರೆ ನಿಲ್ಲುವುದಿಲ್ಲ. ಭಾವ ಬಂದು ನೋಡಿ, "ಇದು ನಿನ್ನ ಅಕ್ಕಂದೇ ಫೋಟೋ, ಅನುಮಾನ ಇಲ್ಲ. ನಂಗೂ ಮನೇಲಿ ಹೀಗೇ ಕಾಣೋದು" ಅಂದರು.

ಮುಂದಿನ ಶನಿವಾರ ಅವಳನ್ನು ಮಣೆಯ ಮೇಲೆ ಕೂರಿಸಿದೆ. "ಅಕ್ಕ, ಫ್ಲಾಶ್ ಇಲ್ಲ. ಏನೂ ಹೊಡೆಯಲ್ಲ. ಸುಮ್ನೆ ಕಿಟಕಿ ನೋಡು."

"ಆಯ್ತು, ತೆಗಿ. ಸಾರು ತಳ ಹಿಡಿಯುತ್ತೆ."

ಗುಂಡಿ ಒತ್ತಿದೆ. ಅಕ್ಕ ಶಿಲೆಯ ಹಾಗೆ ಕೂತಿದ್ದಳು, ಫೋಟೋ ಕೊರೆದಿಟ್ಟಷ್ಟು ಸ್ಪಷ್ಟ, ಕಣ್ಣು ಮಾತ್ರ ಭದ್ರವಾಗಿ ಮುಚ್ಚಿದ್ದವು. ಮತ್ತೆ ತೆಗೆದೆ, ಮತ್ತೆ ಅದೇ. ಅವಳು ಹೆದರುತ್ತಿದ್ದುದು ಬೆಳಕಿಗಲ್ಲ ಎಂದು ಆಗ ತಿಳಿಯಿತು. ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ತಿಳಿದರೆ ಸಾಕು, ರೆಪ್ಪೆ ಬಿದ್ದುಹೋಗುತ್ತಿತ್ತು. "ನಂಗೆ ಎಂತಕ್ಕೆ ಹೀಗಾಗುತ್ತೆ ಗೊತ್ತಿಲ್ಲ ಮಾರಾಯ" ಅಂದಳು ಸಪ್ಪೆಯಾಗಿ. ಅವಳಿಗೂ ಬೇಸರವಿತ್ತು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಶಾಂತಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಅಷ್ಟು ಓದಿ, ಅಲೆದು ತಂದ ಕ್ಯಾಮೆರಾವನ್ನು ಮಣೆಯ ಪಕ್ಕದಲ್ಲಿಟ್ಟು ನಾನೂ ಸಪ್ಪೆಯಾಗಿ ಬೀನ್ಸಿನ ನಾರು ತೆಗೆಯುತ್ತಾ ಕೂತೆ.

ಅಕ್ಕ ಮತ್ತೆ ಒಲೆಯ ಮುಂದೆ ಹೋಗಿ ಮಾತು ಶುರು ಮಾಡಿದಳು. ಯಾರದೋ ಮನೆಯ ಊಟದ ವಿಷಯ. "ಪಾಯಸ ಚೆನ್ನಾಗಿತ್ತು, ಪಲ್ಯಕ್ಕೆ ಮಾತ್ರ" ಎಂದವಳು ಅಲ್ಲಿಗೇ ನಿಂತಳು. ಏನಾಯಿತೆಂದು ತಲೆ ಎತ್ತಿದೆ. ಸೌಟು ಕೈಯಲ್ಲೇ ಇದೆ, ಮುಖ ಕಿಟಕಿಯ ಕಡೆ ತಿರುಗಿದೆ, ಕಣ್ಣು ಎರಡೂ ಪೂರ್ತಿ ಅರಳಿವೆ. ಮೈಯಲ್ಲಿ ಉಸಿರಾಟವೂ ಇದ್ದಂತಿಲ್ಲ. ಆಮೇಲೆ ನನಗೂ ಕೇಳಿಸಿತು, ತಿರುವಿನಲ್ಲಿ ಬಸ್ಸು ಗೇರು ಇಳಿಸುತ್ತಿತ್ತು. ಇಳಿಯುವವರಿದ್ದರೆ ಕಂಡಕ್ಟರ್ ಸೀಟಿ ಊದುತ್ತಾನೆ, ಇಲ್ಲದಿದ್ದರೆ ಬಸ್ಸು ಹಾಗೇ ಮುಂದೆ ಹೋಗುತ್ತದೆ. ಸೀಟಿ ಕೇಳಿತು. ಅಕ್ಕ ಉಸಿರು ಬಿಟ್ಟು, ಸಾರಿನ ಕಡೆ ತಿರುಗಿ, "ಉಪ್ಪು ಜಾಸ್ತಿಯಾಗಿತ್ತು" ಎಂದು ಮಾತು ಮುಗಿಸಿದಳು. ಭಾವ ಬಾಗಿಲಿಗೆ ಬರುವಷ್ಟರಲ್ಲಿ ಅವರಿಗೆ ಕಂಡದ್ದು ಅವಳ ಬೆನ್ನು, ಕೇಳಿದ್ದು "ಹಿಂಗು ತಂದ್ರಾ? ಮರೆತ್ರಾ? ಗೊತ್ತಿತ್ತು ನಂಗೆ."

ನಾನು ಹುಟ್ಟಿದಾಗಿನಿಂದ ಅಕ್ಕನನ್ನು ಬಲ್ಲವನು, ಆದರೆ ಆ ಮುಖವನ್ನು ನೋಡಿರಲಿಲ್ಲ.

ಅದರ ಮುಂದಿನ ಶನಿವಾರ ಬೇಗ ಹೋದೆ. ಕ್ಯಾಮೆರಾದ ಬೀಪ್ ಸದ್ದನ್ನೆಲ್ಲ ಅಡಗಿಸಿದೆ. ಗೂಡಿನಲ್ಲಿ ಅಕ್ಕಿ ಅಳೆಯುವ ಸೇರನ್ನು ಬೋರಲು ಹಾಕಿ, ಅದರ ಮೇಲೆ ಕ್ಯಾಮೆರಾ ಇಟ್ಟು, ಕಾಯಿ ತುರಿಯುವ ನೆಪದಲ್ಲಿ ಪಕ್ಕದಲ್ಲಿ ಕೂತೆ. ಅಕ್ಕನ ಮಾತು ನಡುವೆ ನಿಂತಾಗ ಗುಂಡಿಯನ್ನು ಮೆಲ್ಲಗೆ ಒತ್ತಿದೆ. ಅವಳಿಗೆ ಗೊತ್ತೇ ಆಗಲಿಲ್ಲ. ಕಪ್ಪಿನ ಕ್ಯಾಮೆರಾ ನನ್ನ ಮಾನ ಉಳಿಸಿತು.

ಕೊಪ್ಪದ ಸ್ಟುಡಿಯೋದವರು ಪ್ರಿಂಟ್ ಹಾಕುವಾಗ, "ಕತ್ತಲೆ ಜಾಸ್ತಿಯಾಯ್ತು, ಬ್ರೈಟ್ ಮಾಡ್ಲಾ ಸಾರ್?" ಅಂದರು. ಬೇಡವೆಂದೆ. ಶಾಂತಿಯ ದಿನ ಊಟವಾದ ಮೇಲೆ ಭಾವನನ್ನು ಜಗಲಿಗೆ ಕರೆದು ಕವರು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಕಣ್ಣು ಬಿಟ್ಟಿದಾಳಲ್ಲ ಮಾರಾಯ!" ಅಂದರು. ಇನ್ನೂ ಸ್ವಲ್ಪ ಹೊತ್ತು ನೋಡಿ, "ಎಂತದು ನೋಡ್ತಾ ಇದಾಳೆ?" ಅಂದರು.

"ನೋಡ್ತಾ ಇಲ್ಲ ಭಾವ, ಕೇಳ್ತಾ ಇದಾಳೆ. ನಿಮ್ಮ ಬಸ್ಸು ತಿರುವಿಗೆ ಬಂದಿತ್ತು. ನಿಲ್ಲುತ್ತಾ ಇಲ್ವಾ ಅಂತ."

"ಯಾವತ್ತು?"

"ದಿನಾ."

ಭಾವ ಕನ್ನಡಕ ತೆಗೆದರು, ಶಾಲಿನ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಮೂವತ್ತು ವರ್ಷ ಅವರು ಆ ಬಸ್ಸಿನ ಒಳಗೇ ಇದ್ದರಲ್ಲ, ಈ ಮುಖ ಅವರಿಗೆ ಕಾಣುವುದಾದರೂ ಹೇಗೆ? ಒಳಗಿನಿಂದ ಅಕ್ಕ, "ಎಂತ ಇಬ್ರೂ ಅಲ್ಲೇ ಕೂತಿದೀರಿ, ಎಲೆ ಅಡಿಕೆ ಬೇಡ್ವಾ?" ಎಂದು ಕೂಗಿದಳು. ಭಾವ ಕವರನ್ನು ಜುಬ್ಬಾದ ಒಳಜೇಬಿಗೆ ಇಟ್ಟುಕೊಂಡರು.

"ಗಾಜಿನ ಅಡಿಗೆ ಇಡ್ತೀರಲ್ಲ?" ಎಂದು ಕೇಳಿದೆ.

"ಇದು ಕೌಂಟರಿಗಲ್ಲ ಮಾರಾಯ" ಅಂದರು. ಅವರು ಕೆಲಸ ಬಿಡುವವರೆಗೂ ಲಾಡ್ಜಿನ ಗಾಜಿನ ಅಡಿಯಲ್ಲಿ ಕಣ್ಣು ಮುಚ್ಚಿದ ಮದುವೆಯ ಫೋಟೋವೇ ಇತ್ತು. ಯಾರಾದರೂ ಮರುಕ ತೋರಿಸಿದರೆ ಅವರಿಗೆ ಆಮೇಲೆ ಬೇಸರವಾಗುತ್ತಿರಲಿಲ್ಲವಂತೆ.

ಇದೆಲ್ಲ ನೆನಪಾದ ಮೇಲೆ ಸುಮ್ಮನೆ ಕೂರಲಾಗದೆ, ನಿನ್ನೆ ಕ್ಯಾಮೆರಾವನ್ನು ಚೀಲದ ಸಮೇತ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಭಾವ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ದಿನವಿಡೀ ಮನೆಯಲ್ಲೇ. ಚೀಲ ಕೊಡವಿದಾಗ ಜಗಲಿಯ ಮೇಲೆ ಅಕ್ಕಿಕಾಳು ಉದುರಿದವು, ಇಬ್ಬರೂ ನಕ್ಕೆವು. ಸಂಜೆಯಾಗುತ್ತಿದ್ದಂತೆ ಭಾವನ ಗಮನ ಮಾತಿನಲ್ಲಿ ನಿಲ್ಲಲಿಲ್ಲ. ಗಡಿಯಾರ ನೋಡಿದರು, ರಸ್ತೆ ನೋಡಿದರು, ಎದ್ದು ಕೂತರು.

"ಇವತ್ತು ಬಸ್ಸು ಲೇಟು ಮಾರಾಯ" ಅಂದರು.

"ಯಾರು ಬರೋರಿದಾರೆ ಭಾವ?"

"ಯಾರೂ ಇಲ್ಲ."

ದೂರದಲ್ಲಿ ಸದ್ದು ಕೇಳಿತು. ಭಾವ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಸದ್ದಾಗದಂತೆ ಒಳಗೆ ಹೋಗಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತರು. ಒಳಗೆ ಅಕ್ಕ ನನ್ನ ಹೆಂಡತಿಗೆ ಫೋನಿನಲ್ಲಿ ಉಪ್ಪಿನಕಾಯಿಯ ವಿಷಯ ಹೇಳುತ್ತಿದ್ದಳು. ಬಸ್ಸು ತಿರುವಿಗೆ ಬಂದು ಗೇರು ಇಳಿಸಿತು. ಅಕ್ಕನ ಮಾತು ನಿಂತಿತು.